ಹವಾಯಿಯ ಪೊಯಿ: ಚೀಲದ್ದು, ಕುಟ್ಟಿದ್ದು, ಪುಡಿಯದ್ದು

ಪೊಯಿ ಅಂದರೆ ಬೇಯಿಸಿದ ಕೆಸುವಿನ ಗೆಡ್ಡೆಯನ್ನು ಅರೆದು ಅಥವಾ ಕುಟ್ಟಿ, ನೀರು ಬೆರೆಸಿ ಹದಕ್ಕೆ ತಂದ ತಿಳಿನೇರಳೆ ಬಣ್ಣದ ಹಿಟ್ಟು. ಹವಾಯಿಯ ಮೂಲನಿವಾಸಿಗಳಿಗೆ ಇದೇ ಹೊಟ್ಟೆ ತುಂಬಿಸುವ ಊಟ, ಉಳಿದದ್ದೆಲ್ಲ ಇದಕ್ಕೆ ನಂಚಿಕೊಳ್ಳಲು. ಮೊದಲ ಸಲ ತಿಂದ ಪ್ರವಾಸಿಗರ ದೂರು ಯಾವಾಗಲೂ ಒಂದೇ: ಕಾಗದ ಅಂಟಿಸುವ ಗೋಂದಿನ ಹಾಗಿದೆ, ರುಚಿಯಿಲ್ಲ.

ಆ ದೂರಿಗೆ ಕಾರಣ ಬಡಿಸಿದ ರೀತಿ. ಫ್ರಿಜ್ಜಿನಿಂದ ಹೊರಗೆ ತೆಗೆದು, ಕಲಸದೆ, ಪಕ್ಕದಲ್ಲಿ ಉಪ್ಪಿನ ಪದಾರ್ಥ ಏನೂ ಇಲ್ಲದೆ ಎರಡು ಚಮಚ ಹಾಕಿ ಕೊಟ್ಟರೆ ಯಾರಿಗೆ ತಾನೆ ಹಿಡಿಸೀತು? ಸರಿಯಾಗಿ ಕಲಸಿದ ಪೊಯಿ ನುಣುಪಾಗಿರುತ್ತದೆ, ಹೊಳೆಯುತ್ತದೆ, ಬೆರಳಿಗೆ ಸುತ್ತಿಕೊಂಡು ಬರುತ್ತದೆ. ಮೊದಲ ದಿನ ಬೆಂದ ಗೆಡ್ಡೆಯ ಸಣ್ಣ ಸಿಹಿ ಇರುತ್ತದೆ. ಮೂರನೆಯ ದಿನಕ್ಕೆ ಮೊಸರಿನಂಥ ಹುಳಿ ಏರಿರುತ್ತದೆ. ಉಪ್ಪುಮೀನಿನ ಒಂದು ಚೂರು, ಹಸಿ ಈರುಳ್ಳಿ, ಹವಾಯಿಯ ಕಲ್ಲುಪ್ಪು ಜೊತೆಗಿದ್ದರೆ ಇದರ ರುಚಿ ಗೊತ್ತಾಗುತ್ತದೆ. ಬರಿದೆ ತಿಂದು ತೀರ್ಪು ಕೊಡುವುದು ಬರಿದೆ ಅನ್ನ ತಿಂದು ಊಟ ಸಪ್ಪೆ ಅಂದ ಹಾಗೆ.

ಹವಾಯಿಯಲ್ಲಿ ಕೊಳ್ಳಲು ಸಿಗುವುದು ಮುಖ್ಯವಾಗಿ ಮೂರು ಬಗೆ: ಗಿರಣಿಯಲ್ಲಿ ಅರೆದು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದ್ದು, ಕೈಯಲ್ಲಿ ಕುಟ್ಟಿದ ಗಟ್ಟಿ ಮುದ್ದೆ (ಇದಕ್ಕೆ ಪಾಯಿಯಾಯ್ ಎಂದು ಹೆಸರು), ಮತ್ತು ಒಣಗಿಸಿದ ಪುಡಿ. ಇವು ಮೂರರ ನಡುವೆ ಬಹಳ ಅಂತರವಿದೆ. ಅದಕ್ಕಿಂತ ದೊಡ್ಡ ಅಂತರ ಗೆಡ್ಡೆ ಬೆಳೆದ ನೀರಿನದು. ಅದನ್ನು ಆಮೇಲೆ ವಿವರವಾಗಿ ನೋಡೋಣ. ಮೊದಲು ಚೀಲ.

ಚೀಲದ ಪೊಯಿ

ದಿನಬಳಕೆಗೆ ಇದೇ ಸರಿ. ಚೀಲದ ಮೇಲೆ ಎರಡು ವಿಷಯ ನೋಡಬೇಕು. ಒಂದು, ಸಾಮಗ್ರಿಗಳ ಪಟ್ಟಿಯಲ್ಲಿ ಕೆಸು ಮತ್ತು ನೀರು ಬಿಟ್ಟು ಬೇರೇನೂ ಇರಬಾರದು. ಎರಡು, ಅರೆದ ದಿನಾಂಕ. ಅಂಗಡಿಯವರನ್ನು ವಾರದ ಯಾವ ದಿನ ಚೀಲ ಬರುತ್ತದೆ ಎಂದು ಕೇಳಿದರೆ ಹೇಳುತ್ತಾರೆ. ಬಂದ ದಿನವೇ ಒಯ್ದರೆ ಸಿಹಿ ಪೊಯಿ. ಹುಳಿ ಇಷ್ಟಪಡುವವರು ಎರಡು ದಿನ ಬಿಟ್ಟು ಹೋದರೂ ನಡೆದೀತು, ಆದರೆ ಅಷ್ಟರಲ್ಲಿ ಖಾಲಿಯಾಗಿರುವ ಸಂಭವವೇ ಹೆಚ್ಚು.

ಚೀಲದಲ್ಲಿರುವುದನ್ನು ಹಾಗೆಯೇ ತಿನ್ನಬಾರದು, ಕಲಸಬೇಕು. ಅಗಲ ಬಾಯಿಯ ಬಟ್ಟಲಿಗೆ ಹಾಕಿ, ಚೀಲದೊಳಗೆ ಎರಡು ಚಮಚ ನೀರು ಬಿಟ್ಟು ಹಿಂಡಿ, ಅಂಟಿಕೊಂಡಿದ್ದನ್ನೂ ಬಟ್ಟಲಿಗೆ ಸೇರಿಸಿ. ಕೈ ಒದ್ದೆ ಮಾಡಿಕೊಂಡು ಹಿಟ್ಟನ್ನು ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ ನಾದಿ. ಗಂಟುಗಳು ಬೆರಳಿಗೆ ಸಿಗುತ್ತವೆ, ಅಲ್ಲೇ ಒಡೆಯಿರಿ. ಇನ್ನಷ್ಟು ತೆಳುವಾಗಬೇಕಿದ್ದರೆ ನೀರನ್ನು ಚಮಚದ ಲೆಕ್ಕದಲ್ಲಿ ಹಾಕಿ, ಹಾಕಿದ್ದು ಪೂರ್ತಿ ಹೀರಿಕೊಂಡ ಮೇಲೆ ಮುಂದಿನ ಚಮಚ. ಹೊಸಬರು ಎಡವುವುದು ಇಲ್ಲೇ. ಅರ್ಧ ಲೋಟ ನೀರನ್ನು ಒಂದೇ ಸಲ ಸುರಿದರೆ ಹೊರಗಿನ ಹಿಟ್ಟು ಜಾರತೊಡಗುತ್ತದೆ, ಒಳಗಿನ ಗಂಟು ಕೈಗೆ ಸಿಗದೆ ತಪ್ಪಿಸಿಕೊಳ್ಳುತ್ತದೆ, ಆಮೇಲೆ ಎಷ್ಟು ಕಲಸಿದರೂ ಅದು ಒಡೆಯುವುದಿಲ್ಲ.

ಹದವನ್ನು ಬೆರಳಿನ ಲೆಕ್ಕದಲ್ಲಿ ಹೇಳುವುದು ರೂಢಿ. ಒಂದು ಬೆರಳಲ್ಲಿ ಸುತ್ತಿ ಎತ್ತಿದರೆ ಬಾಯಿಯವರೆಗೆ ಬರುವಷ್ಟು ಗಟ್ಟಿಯಾದದ್ದು ಒಂದು ಬೆರಳಿನ ಪೊಯಿ, ಎರಡು ಬೇಕಾದರೆ ಎರಡು ಬೆರಳಿನದು, ಮೂರು ಬೇಕಾದರೆ ತೆಳು. ಮೊದಲ ಸಲ ತಿನ್ನುವವರಿಗೆ ಎರಡು ಬೆರಳಿನ ಹದ ಒಳ್ಳೆಯದು.

ಉಳಿದದ್ದನ್ನು ಫ್ರಿಜ್ಜಿಗೆ ಇಡಬೇಡಿ. ತಣ್ಣಗಾದರೆ ಪಿಷ್ಟ ಬಿಗಿದುಕೊಂಡು ರಬ್ಬರಿನಂತಾಗುತ್ತದೆ. ಹಾಗಾಗಿಬಿಟ್ಟಿದ್ದರೆ ಹಬೆಯಲ್ಲಿ ಬಿಸಿಮಾಡಿ ಮತ್ತೆ ನಾದಿದರೆ ಬಹುಮಟ್ಟಿಗೆ ಸರಿಹೋಗುತ್ತದೆ, ಹುಳಿಯ ಹರಿತ ಮಾತ್ರ ಹೋಗಿರುತ್ತದೆ. ಸರಿಯಾದ ಕ್ರಮ ಇದು: ಮೇಲ್ಮೈ ಸಮ ಮಾಡಿ, ಬಟ್ಟಲಿನ ಒಳಗೋಡೆಗೆ ಮೆತ್ತಿದ್ದನ್ನು ಒದ್ದೆ ಕೈಯಿಂದ ಪೂರ್ತಿ ಒರೆಸಿ ಕೆಳಗಿಳಿಸಿ, ಮೇಲೆ ತೆಳ್ಳಗೆ ಒಂದು ಪದರ ನೀರು ನಿಲ್ಲಿಸಿ, ಬಟ್ಟೆ ಮುಚ್ಚಿ ಅಡುಗೆಮನೆಯ ನೆರಳಲ್ಲಿಡಿ. ಮರುದಿನ ಮೇಲಿನ ನೀರು ಬಸಿದು ಮತ್ತೆ ಕಲಸಿ. ಗೋಡೆ ಒರೆಸುವುದನ್ನು ಮಾತ್ರ ಮರೆಯಬಾರದು. ಅಲ್ಲಿ ಒಣಗಿದ ಚಕ್ಕೆಯ ಮೇಲೆಯೇ ಮೊದಲು ಬೂಷ್ಟು ಹಿಡಿಯುವುದು. ನೀರಿನ ಪದರದ ಕೆಳಗೆ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಾ ಹುಳಿ ಏರಿಸುತ್ತವೆ, ಆ ಹುಳಿಯೇ ಹಿಟ್ಟನ್ನು ಕಾಯುತ್ತದೆ. ಹುಳಿ ವಾಸನೆಗೆ ಹೆದರಬೇಕಿಲ್ಲ. ಕಿತ್ತಳೆ, ಗುಲಾಬಿ ಅಥವಾ ಕಪ್ಪು ಮಚ್ಚೆ ಕಂಡರೆ ಮಾತ್ರ ಎಸೆಯಿರಿ.

ಕುಟ್ಟಿದ ಪಾಯಿಯಾಯ್

ಹಣ ಹೆಚ್ಚು, ಆದರೆ ಒಮ್ಮೆಯಾದರೂ ಕೊಳ್ಳಲೇಬೇಕಾದದ್ದು. ಗೆಡ್ಡೆಯನ್ನು ಕೆಲವು ಗಂಟೆ ಹಬೆಯಲ್ಲೋ ನೀರಿನಲ್ಲೋ ಬೇಯಿಸಿ, ಸಿಪ್ಪೆ ತೆಗೆದು, ಕೊಳೆತ ಚುಕ್ಕೆಗಳನ್ನು ಒಪಿಹಿ ಎಂಬ ಕಡಲಜೀವಿಯ ಚಿಪ್ಪಿನ ಅಂಚಿನಿಂದ ಕೆರೆದು, ಅಗಲವಾದ ಮರದ ಹಲಗೆಯ ಮೇಲೆ ಕಲ್ಲಿನ ಗುಂಡಿನಿಂದ ಕುಟ್ಟುತ್ತಾರೆ. ಕಲ್ಲಿನ ತಳ ಅಂಟದಿರಲು ಅದನ್ನು ಒದ್ದೆ ಕೈಯಿಂದ ಸವರುತ್ತಾರೆ. ಹಿಟ್ಟಿನೊಳಗೆ ನೀರು ಹಾಕುವುದಿಲ್ಲ. ಕುಟ್ಟುವುದು, ಮಡಿಸುವುದು, ತಿರುಗಿಸುವುದು, ಮತ್ತೆ ಕುಟ್ಟುವುದು. ಸರಿಯಾಗಿ ಕುಟ್ಟಿದ ಮುದ್ದೆ ಎಳೆದರೆ ಹಿಗ್ಗುತ್ತದೆ, ಕತ್ತರಿಸಿದ ಮುಖ ಹೊಳೆಯುತ್ತದೆ, ಅಲ್ಲಲ್ಲಿ ಕಡಲೆಕಾಳಿನಷ್ಟು ಗೆಡ್ಡೆಯ ತುಣುಕು ಹಲ್ಲಿಗೆ ಸಿಗುತ್ತದೆ. ಗಿರಣಿ ಈ ಹಿಗ್ಗುವ ಗುಣವನ್ನು ಕೊಡಲಾರದು.

ನೀರು ಸೇರದ ಕಾರಣ ಪಾಯಿಯಾಯ್ ಬಹಳ ದಿನ ತಾಳುತ್ತದೆ. ಲಾಈ ಎಂಬ ಅಗಲ ಎಲೆಯಲ್ಲಿ ಸುತ್ತಿ ಇಡುತ್ತಾರೆ. ಬೇಕಾದಷ್ಟನ್ನು ಕತ್ತರಿಸಿಕೊಂಡು ಹಾಗೆಯೇ ತಿನ್ನಬಹುದು, ಎಣ್ಣೆ ಸವರಿದ ಕಾವಲಿಯಲ್ಲಿ ಹುರಿಯಬಹುದು, ಚಮಚ ಚಮಚ ನೀರು ಸೇರಿಸಿ ನಾದಿದರೆ ಪೊಯಿ. ಕೊಳ್ಳುವಾಗ ಬೆರಳಿನಿಂದ ಒತ್ತಿ ನೋಡಿ. ಮೇಲ್ಮೈಯಲ್ಲಿ ನೀರು ಒಸರುತ್ತಿದ್ದರೆ ಕುಟ್ಟುವಾಗಲೇ ನೀರು ಬೆರೆತಿದೆ, ಬೇಗ ಹಾಳಾಗುತ್ತದೆ. ಬಾಯಿ ತುರಿಸಿದರೆ ಗೆಡ್ಡೆ ಬೆಂದಿಲ್ಲ. ಕೆಸುವಿನಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳು ಪೂರ್ತಿ ಬೆಂದ ಮೇಲೆಯೇ ತೊಂದರೆ ಕೊಡದಿರುವುದು. ಇದು ತಯಾರಿಕೆಯ ತಪ್ಪು, ತಿನ್ನುವವರ ಅಲರ್ಜಿ ಅಂದುಕೊಳ್ಳಬೇಡಿ.

ಕೈಯಲ್ಲಿ ಕುಟ್ಟಿದ್ದನ್ನು ಮಾರುವುದಕ್ಕೆ ಬಹುಕಾಲ ಆರೋಗ್ಯ ನಿಯಮಗಳು ಅಡ್ಡ ಬರುತ್ತಿದ್ದವು. ಮರ, ಕಲ್ಲು ಎರಡೂ ರಂಧ್ರಗಳಿರುವ ವಸ್ತು, ಪ್ರಮಾಣೀಕೃತ ಅಡುಗೆಮನೆಗೆ ಹೊಂದುವುದಿಲ್ಲ ಎಂಬ ತಕರಾರು. 2011ರಲ್ಲಿ ರಾಜ್ಯದ ಶಾಸನಸಭೆ ಸ್ವಚ್ಛತೆಯ ಷರತ್ತುಗಳೊಂದಿಗೆ ಪಾಯಿಯಾಯ್‌ಗೆ ವಿನಾಯಿತಿ ಕೊಟ್ಟಿತು. ಇಂದು ರೈತರ ಸಂತೆಗಳಲ್ಲಿ ಅದು ರಾಜಾರೋಷವಾಗಿ ಸಿಗುವುದು ಆ ಕಾನೂನಿನಿಂದ.

ಪುಡಿ

ಒಣಗಿಸಿದ ಪುಡಿ ದೂರದೂರಿನಲ್ಲಿರುವವರಿಗೆ ಆಸರೆ, ಅಷ್ಟೇ. ನೀರು ಹಾಕಿ ಕಲಸಿದರೆ ಬಣ್ಣ ಬರುತ್ತದೆ, ಮರಳುಮರಳು ಅನ್ನಿಸುತ್ತದೆ, ಹಿಗ್ಗುವ ಗುಣ ಬರುವುದಿಲ್ಲ. ಕೂಸುಗಳ ಊಟಕ್ಕೂ ತಿಂಡಿಯ ಹಿಟ್ಟಿಗೂ ಆದೀತು. ಪೊಯಿ ಹೇಗಿರುತ್ತದೆ ಎಂದು ತಿಳಿಯಲು ಕೊಳ್ಳುವುದಾದರೆ ಬೇಡ.

ರುಚಿ ಬರುವುದು ನೀರಿನಿಂದ

ಒಂದೇ ಗಿರಣಿ, ಒಂದೇ ಯಂತ್ರ, ಆದರೂ ಒಂದು ವಾರದ ಪೊಯಿ ಗಟ್ಟಿಯಾಗಿ ಹೊಳೆಯುತ್ತದೆ, ಇನ್ನೊಂದು ವಾರದ್ದು ನೀರು ಬಿಡುತ್ತದೆ. ಇದರ ಮೂಲ ಗದ್ದೆಯಲ್ಲಿದೆ.

ಪೊಯಿಗೆ ಬೇಕಾದ ಕೆಸುವನ್ನು ಹೆಚ್ಚಾಗಿ ಲೊಯಿ ಎಂಬ ನೀರುಗದ್ದೆಯಲ್ಲಿ ಬೆಳೆಯುತ್ತಾರೆ. ಗೆಡ್ಡೆಯ ನೆತ್ತಿಯ ಅರ್ಧ ಅಂಗುಲದಷ್ಟು ಬಿಲ್ಲೆ, ಅದರ ಮೇಲೆ ಗೇಣುದ್ದದ ದಂಟು, ಇದೇ ನಾಟಿಯ ಸಸಿ. ಹವಾಯಿ ಭಾಷೆಯಲ್ಲಿ ಇದಕ್ಕೆ ಹುಲಿ ಎನ್ನುತ್ತಾರೆ. ಒಂದೂವರೆಯಿಂದ ಎರಡು ಅಡಿ ಅಂತರದಲ್ಲಿ ಕೆಸರಿಗೆ ಊರಿದರೆ ತಳಿಯನ್ನು ನೋಡಿಕೊಂಡು ಒಂಬತ್ತರಿಂದ ಹದಿನಾಲ್ಕು ತಿಂಗಳಿಗೆ ಕೀಳಬಹುದು. ಆ ಅಷ್ಟೂ ತಿಂಗಳು ಗದ್ದೆಯಲ್ಲಿ ನೀರು ಹರಿಯುತ್ತಿರಬೇಕು. ನಿಂತರೆ ಬಿಸಿಲಿಗೆ ಕಾಯುತ್ತದೆ. ನೀರಿನ ಉಷ್ಣತೆ 27 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆಮ್ಲಜನಕ ಕಡಿಮೆಯಾಗಿ, ಪಿತಿಯಮ್ ಎಂಬ ಶಿಲೀಂಧ್ರದಂಥ ಜೀವಿ ಬೇರಿಗೆ ಹತ್ತಿ ಗೆಡ್ಡೆ ಕೊಳೆಯುತ್ತದೆ. ಮೇಲೆ ಎಲೆ ಹಸಿರಾಗಿಯೇ ಇರುತ್ತದೆ. ಕಿತ್ತು ನೋಡಿದರೆ ಗೆಡ್ಡೆಯ ಕೆಳಗಿನ ಅರ್ಧ ಮೆತ್ತಗೆ, ನಾರುವ ಮುದ್ದೆ. ಗಿರಣಿಗೆ ತಲುಪುವುದು ಕೊರೆದು ಉಳಿದ ಚೂರು ಮಾತ್ರ.

ಇನ್ನೊಂದು ದೋಷಕ್ಕೆ ಲೊಲಿಲೊಲಿ ಎಂದು ಹೆಸರು. ಬೆಳೆದ ಗೆಡ್ಡೆಯನ್ನು ಸಮಯಕ್ಕೆ ಕೀಳದೆ ಬಿಟ್ಟರೆ, ಅಥವಾ ಗಿಡ ಒಮ್ಮೆ ಸೊರಗಿ ಮತ್ತೆ ಚಿಗುರಲು ಹೊರಟರೆ, ಕೂಡಿಟ್ಟ ಪಿಷ್ಟವನ್ನೇ ಅದು ಖರ್ಚು ಮಾಡುತ್ತದೆ. ಕತ್ತರಿಸಿದರೆ ಗಾಜಿನಂತೆ ನೀರುನೀರು. ಇಂಥ ಗೆಡ್ಡೆಯ ಹಿಟ್ಟು ಕಟ್ಟಿಕೊಳ್ಳುವುದಿಲ್ಲ. ಚೀಲ ತೆರೆದಾಗ ಹಿಟ್ಟು ಒಂದು ಕಡೆ, ನೀರು ಒಂದು ಕಡೆ ಇದ್ದು, ಎಷ್ಟು ನಾದಿದರೂ ಬೆರಳಿಗೆ ಹತ್ತದಿದ್ದರೆ ಬೈಯಬೇಕಾದದ್ದು ಗಿರಣಿಯನ್ನಲ್ಲ.

ಹಾಗಾದರೆ ಒಂದು ಎಕರೆಗೆ ಎಷ್ಟು ನೀರು ಬೇಕು? ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಗದ್ದೆಸಾಲುಗಳಿಗೆ ಒಳಬರುವ ನೀರಿನ ಸರಾಸರಿ ಎಕರೆಗೆ ದಿನಕ್ಕೆ 2,60,000 ಗ್ಯಾಲನ್, ಅಂದರೆ ಸುಮಾರು 9.8 ಲಕ್ಷ ಲೀಟರ್. ಈ ಅಂಕಿ ಕೇಳಿ ಇದೆಂಥ ಪೋಲು ಅಂದುಕೊಳ್ಳುವವರಿದ್ದಾರೆ. ಅವರು ನೀರು ಮುಂದೆಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡಿರುವುದಿಲ್ಲ. ಹೊಳೆಗೆ ಅಡ್ಡಲಾಗಿ ಕಲ್ಲುಗಳನ್ನು ಸಡಿಲವಾಗಿ ಪೇರಿಸಿ ಕಟ್ಟಿದ ಮಾನೊವಾಯ್ ಎಂಬ ಒಡ್ಡು ಇರುತ್ತದೆ. ಸಂದುಗಳಲ್ಲಿ ನೀರು ಸೋರಿ ಹೊಳೆ ಮುಂದೆ ಹರಿಯಲೇಬೇಕು ಎಂದೇ ಅದಕ್ಕೆ ಗಾರೆ ಇಲ್ಲ. ಒಂದು ಪಾಲು ಮಾತ್ರ ಔವಾಯ್ ಎಂಬ ಕಾಲುವೆಗೆ ತಿರುಗುತ್ತದೆ. ಕಾಲುವೆಯಿಂದ ಮೇಲಿನ ಗದ್ದೆಗೆ, ಬದುವಿನ ಕಂಡಿಯಿಂದ ಕೆಳಗಿನ ಗದ್ದೆಗೆ, ಕೊನೆಯ ಗದ್ದೆಯಿಂದ ಮತ್ತೆ ಹೊಳೆಗೆ. ಆವಿಯಾಗಿ ಇಂಗಿ ಹೋದದ್ದು ಬಿಟ್ಟರೆ ಉಳಿದದ್ದು ಹಿಂತಿರುಗುತ್ತದೆ. ಅದರ ಕೆಳಗೆ ಹೊಳೆ ಸಮುದ್ರ ಸೇರುವಲ್ಲಿ ಮೀನುಕೊಳಗಳು, ಅವಕ್ಕೂ ಇದೇ ಸಿಹಿನೀರು ಬೇಕು. ಬೆಟ್ಟದ ನೆತ್ತಿಯಿಂದ ಸಮುದ್ರದ ಹವಳದ ದಿಬ್ಬದವರೆಗಿನ ಈ ಇಡೀ ಸೀಳಿಗೆ ಆಹುಪುಆ ಎಂದು ಹೆಸರು. ಕೊನೊಹಿಕಿ ಎಂಬ ಮುಖ್ಯಸ್ಥ ಅದನ್ನು ಒಂದಾಗಿ ನೋಡಿಕೊಳ್ಳುತ್ತಿದ್ದ. ನೀರಿನ ಸರದಿ ಹಂಚುತ್ತಿದ್ದವನು ಲೂನಾ ವಾಯ್, ನಮ್ಮ ನೀರುಗಂಟಿಯೇ ಸರಿ. ಕಾಲುವೆ ಕಟ್ಟಲು, ಹೂಳು ತೆಗೆಯಲು ಯಾರು ಎಷ್ಟು ಕೈ ಜೋಡಿಸಿದರೋ ಅವರಿಗೆ ಅಷ್ಟು ಪಾಲು. ವಾಯ್ ಅಂದರೆ ನೀರು, ವಾಯ್‌ವಾಯ್ ಅಂದರೆ ಸಂಪತ್ತು.

ಹೊಳೆಯನ್ನು ಪೂರ್ತಿ ತಿರುಗಿಸಬಾರದು ಎಂಬುದಕ್ಕೆ ಮೀನಿನ ಕಾರಣವೂ ಇದೆ. ಒಒಪು ಎಂಬ ಸಣ್ಣ ಸಿಹಿನೀರಿನ ಮೀನುಗಳ ಮರಿಗಳು ಹುಟ್ಟಿದ ಕೂಡಲೇ ಸಮುದ್ರಕ್ಕೆ ಕೊಚ್ಚಿಹೋಗಿ, ಕೆಲವು ತಿಂಗಳ ನಂತರ ಹೊಳೆ ಹತ್ತಿ ಮರಳುತ್ತವೆ. ಹೊಟ್ಟೆಯ ಕೆಳಗಿನ ಈಜುರೆಕ್ಕೆಗಳು ಕೂಡಿ ಆದ ಹೀರುಬಟ್ಟಲಿನಿಂದ ಬಂಡೆಗೆ ಕಚ್ಚಿಕೊಂಡು ಜಲಪಾತವನ್ನೇ ಏರುವ ಜಾತಿಯೂ ಇದೆ. ಹವಾಯಿ ದ್ವೀಪದ ಆಕಾಕ ಜಲಪಾತದ ಎತ್ತರ 442 ಅಡಿ, ಅದರ ಮೇಲೂ ಇವು ಸಿಗುತ್ತವೆ. ನಡುವೆ ಹತ್ತು ಮಾರು ಹೊಳೆ ಒಣಗಿದರೂ ಈ ದಾರಿ ಮುಗಿಯಿತು.

ಸಕ್ಕರೆ ತೋಟಗಳು ಮಾಡಿದ್ದು ಅದನ್ನೇ. ಒವಾಹು ದ್ವೀಪದಲ್ಲಿ 1913ರಿಂದ 1916ರವರೆಗೆ ಬೆಟ್ಟ ಕೊರೆದು ಕಟ್ಟಿದ ವಾಯಾಹೊಲೆ ಕಾಲುವೆ ಪೂರ್ವ ದಿಕ್ಕಿನ ಮಳೆಯ ಕಣಿವೆಗಳ ನೀರನ್ನು ಒಣ ಬಯಲಿನ ಕಬ್ಬಿಗೆ ಸಾಗಿಸಿತು. ಸರಾಸರಿ ದಿನಕ್ಕೆ 2.7 ಕೋಟಿ ಗ್ಯಾಲನ್. ಕಣಿವೆಯ ಹೊಳೆಗಳು ಸೊರಗಿದವು, ಗದ್ದೆಗಳು ಪಾಳುಬಿದ್ದವು. 1995ರಲ್ಲಿ ಆ ಸಕ್ಕರೆ ಕಂಪನಿ ಮುಚ್ಚಿದಾಗ ನೀರು ಹಿಂದಕ್ಕೆ ಬರಬೇಕು ಎಂದು ಕಣಿವೆಯ ರೈತರು ಪಟ್ಟು ಹಿಡಿದರು. 2000ದಲ್ಲಿ ಹವಾಯಿಯ ಸರ್ವೋಚ್ಚ ನ್ಯಾಯಾಲಯ, ನೀರು ಸರ್ಕಾರ ಜನರ ಪರವಾಗಿ ಕಾಯಬೇಕಾದ ಸಾರ್ವಜನಿಕ ಆಸ್ತಿ, ಹೊಳೆಯಲ್ಲಿ ಹರಿಯುವ ನೀರೂ ಮೂಲನಿವಾಸಿಗಳ ಸಾಂಪ್ರದಾಯಿಕ ಬಳಕೆಯೂ ಆ ರಕ್ಷಣೆಗೆ ಸೇರಿದವು ಎಂದು ತೀರ್ಪು ಕೊಟ್ಟಿತು. ಮೌಯಿ ದ್ವೀಪದ ಹೊಳೆಗಳ ಹೋರಾಟಗಳೂ ಇದೇ ತೀರ್ಪನ್ನು ಆಧರಿಸಿ ಮುಂದುವರಿದವು.

ಆದ್ದರಿಂದ ಚೀಲದ ಮೇಲೆ ಕಣಿವೆಯ ಹೆಸರು ಬರೆದವರ ಪೊಯಿಯನ್ನೇ ಮೊದಲು ಆರಿಸಿ. ಯಾವ ಹೊಳೆಯ ನೀರು ಎಂದು ಹೇಳುವ ಗಿರಣಿ ಆ ಹೊಳೆಯ ಬಗ್ಗೆ ಹೊಣೆ ಹೊತ್ತಿರುತ್ತದೆ, ಮತ್ತು ಎರಡು ಡಾಲರ್ ಹೆಚ್ಚಾದರೂ ಆ ಹಣ ಕಾಲುವೆಯ ಹೂಳು ತೆಗೆಯುವವರ ಕೈಗೆ ಹೋಗುತ್ತದೆ.

ಕೂತು ತಿನ್ನಲು

ಈ ಕಥೆಯನ್ನೆಲ್ಲ ಒಂದೇ ತಟ್ಟೆಯಲ್ಲಿ ನೋಡಬೇಕಿದ್ದರೆ ಅದೇ ವಾಯಾಹೊಲೆ ಕಣಿವೆಯ ಬಾಯಲ್ಲಿ, ಕಾಮೆಹಾಮೆಹಾ ಹೆದ್ದಾರಿಯ ಪಕ್ಕ ಇರುವ ವಾಯಾಹೊಲೆ ಪೊಯಿ ಫ್ಯಾಕ್ಟರಿಗೆ ಹೋಗಿ. ಹಳೆಯ ಪೊಯಿ ಗಿರಣಿಯ ಕಟ್ಟಡ, ಈಗ ಊಟದ ಅಂಗಡಿ. ಪೊಯಿ ಜೊತೆಗೆ ಲಾವ್‌ಲಾವ್ ತೆಗೆದುಕೊಳ್ಳಿ: ಕೆಸುವಿನ ಎಲೆಯಲ್ಲಿ ಮಾಂಸ ಸುತ್ತಿ, ಹೊರಗೆ ಲಾಈ ಎಲೆ ಕಟ್ಟಿ ಹಬೆಯಲ್ಲಿ ಗಂಟೆಗಟ್ಟಲೆ ಬೇಯಿಸಿದ್ದು. ಹೊರಗಿನ ಎಲೆ ತಿನ್ನುವುದಕ್ಕಲ್ಲ. ಉಪ್ಪಿಗೆ ಲೋಮಿ ಸಾಲ್ಮನ್, ಅಂದರೆ ಉಪ್ಪುಮೀನನ್ನು ಟೊಮೆಟೊ ಈರುಳ್ಳಿಯೊಂದಿಗೆ ಕಿವುಚಿದ್ದು. ಮಾಂಸ ತಿನ್ನದವರಿಗೆ ಆಯ್ಕೆ ಕಡಿಮೆ, ಆದರೆ ಕುಲೋಲೊ ಬಿಡಬೇಡಿ. ತುರಿದ ಕೆಸು, ತೆಂಗಿನಹಾಲು, ಸಕ್ಕರೆ ಸೇರಿಸಿ ಬಹಳ ಹೊತ್ತು ಬೇಯಿಸಿದ ಕಂದುಬಣ್ಣದ ಸಿಹಿ, ಬಿಸಿಯಾಗಿ ಕೊಟ್ಟು ಮೇಲೆ ತೆಂಗಿನ ಐಸ್ ಕ್ರೀಮ್ ಇಡುತ್ತಾರೆ. ಮಧ್ಯಾಹ್ನ ಸಾಲು ಉದ್ದವಾಗುತ್ತದೆ, ಬೇಗ ಹೋದರೆ ಒಳ್ಳೆಯದು.

ಒಂದು ರಿವಾಜು ತಿಳಿದಿರಲಿ. ಪೊಯಿಯ ಬಟ್ಟಲಿನ ಮುಚ್ಚಳ ತೆಗೆದಿರುವಾಗ ಜಗಳ, ಕೊಂಕುಮಾತು ಆಡಬಾರದು. ಹವಾಯಿಯವರ ವಂಶಕಥೆಯಲ್ಲಿ ಆಕಾಶಪಿತ ವಾಕೇಯ ಮತ್ತು ಹೊಓಹೋಕೂಕಲನಿ ಅವರ ಮೊದಲ ಕೂಸು ಸತ್ತೇ ಹುಟ್ಟಿತು. ಅದನ್ನು ಹೂತ ಜಾಗದಲ್ಲಿ ಮೊಳೆತದ್ದೇ ಕೆಸು. ಆಮೇಲೆ ಹುಟ್ಟಿದ ಎರಡನೆಯ ಮಗ ಹಾಲೋವ, ಮನುಷ್ಯರ ಮೂಲಪುರುಷ. ಹಾಗಾಗಿ ಕೆಸು ಅವರಿಗೆ ಅಣ್ಣ. ಹವಾಯಿ ವಿಶ್ವವಿದ್ಯಾಲಯ 2002ರಲ್ಲಿ ಮೂರು ಕೆಸು ತಳಿಗಳ ಮೇಲೆ ಪಡೆದ ಪೇಟೆಂಟನ್ನು 2006ರಲ್ಲಿ ಬಿಟ್ಟುಕೊಡಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಅಣ್ಣನ ಮೇಲೆ ಯಾರಿಗೂ ಒಡೆತನದ ಹಕ್ಕಿಲ್ಲ ಎಂದು ಜನ ಬೀದಿಗಿಳಿದರು.

ಸಿಗದಿದ್ದಾಗ

ಈ ಸರಕಿನ ದೊಡ್ಡ ತೊಂದರೆ ಪೂರೈಕೆ. ರಾಜ್ಯದ ಕೆಸುವಿನ ಹೆಚ್ಚಿನ ಪಾಲು ಕವಾಯಿ ದ್ವೀಪದ ಹನಲೇ ಕಣಿವೆಯದು. ಅಲ್ಲಿನ ಗದ್ದೆಗಳಲ್ಲಿ ಹಲವು 1972ರಲ್ಲಿ ಸ್ಥಾಪಿಸಿದ ವನ್ಯಜೀವಿ ಧಾಮದೊಳಗಿವೆ, ಕೊಲೊವಾ ಬಾತು, ಆಲೆ ಉಲ ನೀರುಕೋಳಿ ಮುಂತಾದ ಅಪಾಯದಂಚಿನ ಹಕ್ಕಿಗಳಿಗೂ ಅದೇ ನೆಲೆ. 2018ರ ಏಪ್ರಿಲ್‌ನಲ್ಲಿ ಪಕ್ಕದ ವಾಯ್‌ಪಾದಲ್ಲಿ 24 ಗಂಟೆಗಳಲ್ಲಿ 49.69 ಅಂಗುಲ ಮಳೆ ದಾಖಲಾಯಿತು, ಅಮೆರಿಕದ ದಾಖಲೆ ಅದು. ಹೊಳೆ ಗದ್ದೆಗಳ ಮೇಲೆಯೇ ಹರಿದು ಬದು ಒಡೆಯಿತು, ಹೂಳು ತುಂಬಿತು. ಇಂಥ ನೆರೆ ಬಂದರೆ ಕೀಳಲು ಸಿದ್ಧವಾದ ಗೆಡ್ಡೆ ಆಗಲೇ ಹೋಗುತ್ತದೆ, ನಾಟಿಗೆ ಬೇಕಾದ ಹುಲಿ ಸಸಿಯೂ ಹೋಗುತ್ತದೆ. ಬೇರೆ ಕಡೆಯಿಂದ ಸಸಿ ತಂದು ನೆಟ್ಟರೂ ಮುಂದಿನ ಬೆಳೆಗೆ ಸುಮಾರು ಒಂದು ವರ್ಷ ಕಾಯಬೇಕು. ಇನ್ನೊಂದು ಕಾಟ 1989ರ ಹೊತ್ತಿಗೆ ದ್ವೀಪಗಳಿಗೆ ಬಂದ ಸೇಬುಬಸವನಹುಳು. ದಂಟಿನ ಮೇಲೆ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಗಾಢ ಗುಲಾಬಿ ಮೊಟ್ಟೆಗಳ ಗೊಂಚಲು ಇಡುತ್ತದೆ, ರಾತ್ರಿ ಎಳೆಯ ಸಸಿ, ಗೆಡ್ಡೆ ಎರಡನ್ನೂ ಮೇಯುತ್ತದೆ. ಕೈಯಲ್ಲಿ ಆರಿಸಬೇಕು, ಗೊಂಚಲು ಕೆರೆದು ಹಾಕಬೇಕು, ಬಾತು ಬಿಡಬೇಕು.

ಅಂಗಡಿಯ ಕಪಾಟು ಖಾಲಿ ಕಂಡರೆ ಒಬ್ಬರಿಗೆ ಒಂದೇ ಚೀಲ ಎಂಬ ಚೀಟಿ ಇದೆಯೇ ನೋಡಿ, ಇದ್ದರೆ ಕೊರತೆ ವಾರಗಟ್ಟಲೆ ನಡೆಯುತ್ತದೆ. ಮುಂದಿನ ಸರಕು ಬರುವ ದಿನ ಕೇಳಿಕೊಂಡು ಬೆಳಗ್ಗೆಯೇ ಹೋಗಿ. ವಿಮಾನದಲ್ಲಿ ಒಯ್ಯುವವರು ಚೀಲದ ಪೊಯಿಯನ್ನು ಕೈಚೀಲದಲ್ಲಿ ಇಡಬೇಡಿ, ತಪಾಸಣೆಯಲ್ಲಿ ಅದನ್ನು ದ್ರವದ ಲೆಕ್ಕಕ್ಕೆ ಹಿಡಿಯುತ್ತಾರೆ. ಸಾಮಾನಿನೊಳಗೆ ಎರಡು ಚೀಲ ಸುತ್ತಿ ಇಟ್ಟು, ಮನೆ ತಲುಪಿದ ಕೂಡಲೇ ಬಟ್ಟಲಿಗೆ ಹಾಕಿ ಕಲಸಿ ಮೇಲೆ ನೀರು ನಿಲ್ಲಿಸಿ.